ನರಕೋಶವನ್ನು ಬಿಡಿಸಿ ತೋರಿಸಿದ ಸಾಂತಿಯಾಗೊ ರಮೋನ್ ಇ ಕಹಾಲ್

ಸ್ಪೇನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಕೊರ್ಡೋವಾದ ಮಸೀದಿ ಮತ್ತು ಗ್ರನಾಡಾದ ಅಲ್ ಹಂಬ್ರಾ ಅರಮನೆ ನೆನಪಿಗೆ ಬರುತ್ತವೆ. ಶಸ್ತ್ರಚಿಕಿತ್ಸೆಯ ಬಗ್ಗೆ ಬೃಹತ್ ಗ್ರಂಥ ಬರೆದ ಅಝ್ಝಹ್ರಾವಿ, ತತ್ವಜ್ಞಾನಿಯೂ ವೈದ್ಯನೂ ಆಗಿದ್ದ ಇಬ್ನು ರುಶ್ದ್ ಆ ನೆಲದವರೇ. ಆದರೆ ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ವಿಜ್ಞಾನದ ಮಟ್ಟಿಗೆ ಸ್ಪೇನ್ ಯುರೋಪಿನ ಹಿಂದಿನ ಬೆಂಚಿನ ವಿದ್ಯಾರ್ಥಿಯಾಗಿತ್ತು. ಹೊಸ ಸಂಶೋಧನೆಗಳೆಲ್ಲ ಜರ್ಮನಿ, ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದವು. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ವೈಜ್ಞಾನಿಕ ಲೇಖನವನ್ನು ಆ ದೇಶಗಳಲ್ಲಿ ಯಾರೂ ಬಿಚ್ಚಿಯೂ ನೋಡುತ್ತಿರಲಿಲ್ಲ. ಅಂಥ ಕಾಲದಲ್ಲಿ, ಅಂಥ ದೇಶದಲ್ಲಿ ಕುಳಿತು, ತನ್ನದೇ ಹಣದಲ್ಲಿ ಪತ್ರಿಕೆ ಅಚ್ಚು ಹಾಕಿಸಿ, ಮನುಷ್ಯನ ಮಿದುಳಿನ ಬಗ್ಗೆ ಜಗತ್ತಿನ ತಿಳುವಳಿಕೆಯನ್ನೇ ಬದಲಾಯಿಸಿದವರು ಸಾಂತಿಯಾಗೊ ರಮೋನ್ ಇ ಕಹಾಲ್.

ವಿಜ್ಞಾನ ಓದುವ ನಮ್ಮ ವಿದ್ಯಾರ್ಥಿಗಳು ನ್ಯೂರಾನಿನ ಚಿತ್ರವನ್ನು ಬಿಡಿಸಿ ಭಾಗಗಳನ್ನು ಗುರುತಿಸಿ ಅಂಕ ಗಳಿಸುತ್ತಾರೆ. ಕೋಶಕಾಯ, ಡೆಂಡ್ರೈಟ್, ಆಕ್ಸಾನ್ ಎಲ್ಲವೂ ಬಾಯಿಪಾಠ. ಆದರೆ ಆ ಚಿತ್ರವನ್ನು ಮೊದಲು ಬಿಡಿಸಿದವರು ಯಾರು, ಅದಕ್ಕಾಗಿ ಎಷ್ಟು ವಾದ ನಡೆಯಿತು ಎಂಬುದು ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಚಿತ್ರ ಬಿಡಿಸುವ ಹುಡುಗ

ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಉತ್ತರ ಭಾಗದ ಪೆಟಿಲ್ಲಾ ದೆ ಅರಗೋನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ತಂದೆ ಹುಸ್ತೊ ರಮೋನ್ ಬಡ ರೈತರ ಮಗ. ಕ್ಷೌರಿಕ ವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿತು, ಓದುವ ಹಂಬಲದಿಂದ ಬಾರ್ಸಿಲೋನಾಕ್ಕೆ ಕಾಲ್ನಡಿಗೆಯಲ್ಲೇ ಹೋಗಿ, ದುಡಿಯುತ್ತಾ ಓದಿ ವೈದ್ಯರಾದವರು. ಇಂಥ ತಂದೆಗೆ ಮಗನೂ ವೈದ್ಯನಾಗಬೇಕೆಂಬ ಹಟ. ಮಗನಿಗೋ ಚಿತ್ರ ಬಿಡಿಸುವ ಹುಚ್ಚು. ತಂದೆ ಬಣ್ಣ ಕೊಡಿಸಲಿಲ್ಲ. ಹುಡುಗ ಗೋಡೆಗಳ ಬಣ್ಣವನ್ನು ಕೆರೆದು ಚಿತ್ರಕ್ಕೆ ಬಳಸಿದ. ಒಮ್ಮೆ ಊರಿಗೆ ಚರ್ಚಿನ ಗೋಡೆಗೆ ಬಣ್ಣ ಬಳಿಯಲು ಬಂದಿದ್ದವನಿಗೆ ತಂದೆ ಮಗನ ಚಿತ್ರ ತೋರಿಸಿ ಅಭಿಪ್ರಾಯ ಕೇಳಿದರು. ಇವನಿಗೆ ಚಿತ್ರಕಲೆ ಬರುವುದಿಲ್ಲ ಎಂದು ಅವನು ತೀರ್ಪು ಕೊಟ್ಟ. ಬಣ್ಣ ಬಳಿಯುವವನ ಮಾತನ್ನೇ ತಂದೆ ಪ್ರಮಾಣವೆಂದು ಒಪ್ಪಿಕೊಂಡರು.

ಶಾಲೆಯಲ್ಲಿ ಹುಡುಗನ ಸ್ಥಿತಿ ಇನ್ನೂ ಕಷ್ಟ. ಹಾಕಾ ಎಂಬ ಊರಿನ ಪಾದ್ರಿಗಳ ಶಾಲೆಯಲ್ಲಿ ಲ್ಯಾಟಿನ್ ಬಾಯಿಪಾಠ ಬರದಿದ್ದುದಕ್ಕೆ ಹೊಡೆತ ಮತ್ತು ಉಪವಾಸದ ಶಿಕ್ಷೆ. ಹನ್ನೊಂದನೇ ವಯಸ್ಸಿನಲ್ಲಿ ಸ್ವತಃ ತಯಾರಿಸಿದ ಫಿರಂಗಿಯಿಂದ ನೆರೆಮನೆಯ ಗೇಟನ್ನು ಒಡೆದು ಕೆಲವು ದಿನ ಊರಿನ ಬಂದೀಖಾನೆಯಲ್ಲೂ ಇರಬೇಕಾಯಿತು. ದಾರಿಗೆ ಬರಲಿ ಎಂದು ತಂದೆ ಅವನನ್ನು ಒಮ್ಮೆ ಕ್ಷೌರಿಕನ ಬಳಿ, ಇನ್ನೊಮ್ಮೆ ಚಮ್ಮಾರನ ಬಳಿ ಕೆಲಸಕ್ಕೆ ಬಿಟ್ಟರು.

ತಂದೆ ಮತ್ತು ಮಗನನ್ನು ಕೊನೆಗೆ ಒಂದುಗೂಡಿಸಿದ್ದು ಸ್ಮಶಾನ. 1868ರ ಬೇಸಿಗೆಯಲ್ಲಿ ಅಂಗರಚನೆ ಕಲಿಸಲೆಂದು ತಂದೆ ಅವನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಮೇಲೆ ಬಂದಿದ್ದ ಮೂಳೆಗಳನ್ನು ಆಯ್ದು ತಂದರು. ಹುಡುಗ ಆ ಮೂಳೆಗಳನ್ನು ಬಿಡಿಸಲು ಕುಳಿತ. ಒಂದೊಂದು ಗೀರು, ಒಂದೊಂದು ತೂತು ಕಣ್ಣಿಗೆ ಬಿದ್ದವು. ತಂದೆ ತಡೆಯಲು ನೋಡಿದ ಚಿತ್ರಕಲೆಯೇ ವೈದ್ಯಕೀಯಕ್ಕೆ ಬಾಗಿಲಾಯಿತು. ಸರಗೋಸಾ ನಗರದಲ್ಲಿ (ಅರಬರ ಕಾಲದಲ್ಲಿ ಇದು ಸರಖುಸ್ತಾ) ಓದಿ 1873ರಲ್ಲಿ ಕಹಾಲ್ ವೈದ್ಯರಾದರು.

ಮುಂದಿನ ವರ್ಷವೇ ಸೇನಾ ವೈದ್ಯರಾಗಿ ಆಗಿನ ಸ್ಪೇನಿನ ವಸಾಹತು ಕ್ಯೂಬಾಕ್ಕೆ ಹೋದರು. ಜವುಗು ನೆಲದ ಸೈನಿಕ ಆಸ್ಪತ್ರೆಯಲ್ಲಿ ಮಲೇರಿಯಾ ತಗಲಿ ಎಲುಬಿನ ಹಂದರವಾಗಿ 1875ರಲ್ಲಿ ಮರಳಿದರು. ಉಳಿದಿದ್ದ ಸೇನಾ ಸಂಬಳದಲ್ಲಿ ಅವರು ಕೊಂಡದ್ದು ಒಂದು ಸೂಕ್ಷ್ಮದರ್ಶಕ. 1878ರಲ್ಲಿ ಕ್ಷಯದಿಂದ ರಕ್ತ ಕಾರಿ ಮತ್ತೆ ಹಾಸಿಗೆ ಹಿಡಿದರು. ಚೇತರಿಸಿಕೊಂಡು 1879ರಲ್ಲಿ ಸಿಲ್ವೇರಿಯಾ ಎಂಬವರನ್ನು ಮದುವೆಯಾದರು. ಏಳು ಮಕ್ಕಳ ಸಂಸಾರ, ಪ್ರಾಧ್ಯಾಪಕನ ಸಣ್ಣ ಸಂಬಳ. ಅದರ ನಡುವೆ ಗಂಡ ಗಾಜಿನ ಪಟ್ಟಿಗಳಿಗೂ ರಾಸಾಯನಿಕಗಳಿಗೂ ಮಾಡುತ್ತಿದ್ದ ಖರ್ಚನ್ನು ಆ ಮಹಾತಾಯಿ ಹೇಗೆ ಸಹಿಸಿದರೋ!

1885ರಲ್ಲಿ ವೆಲೆನ್ಸಿಯಾದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಕಾಲರಾ ಹಬ್ಬಿತು. ನರಗಳ ಕೆಲಸ ಬದಿಗಿಟ್ಟು ಅದರ ರೋಗಾಣುವಿನ ಅಧ್ಯಯನ ನಡೆಸಿದರು. ಅದಕ್ಕೆ ಕೃತಜ್ಞತೆಯಾಗಿ ಸರಗೋಸಾ ಪ್ರಾಂತ್ಯದ ಆಡಳಿತ ಅವರಿಗೆ ಹಣದ ಬದಲು ಜರ್ಮನಿಯ ಝೈಸ್ ಕಂಪೆನಿಯ ಉತ್ತಮ ಸೂಕ್ಷ್ಮದರ್ಶಕವನ್ನು ಕೊಟ್ಟಿತು. ಅಧಿಕಾರಿಗಳು ಇಂಥ ವಿವೇಕ ತೋರುವುದು ಯಾವ ಕಾಲದಲ್ಲೂ ಅಪರೂಪವೇ.

ಬಲೆಯೋ, ಬಿಡಿ ಕೋಶಗಳೋ?

ದೇಹದ ಎಲ್ಲ ಅಂಗಗಳೂ ಜೀವಕೋಶಗಳಿಂದ ಆದವು ಎಂಬುದು ಅಷ್ಟು ಹೊತ್ತಿಗೆ ಒಪ್ಪಿತವಾಗಿತ್ತು. ಮಿದುಳು ಮಾತ್ರ ಇದಕ್ಕೆ ಹೊರತು ಎಂದು ಹೆಚ್ಚಿನ ವಿದ್ವಾಂಸರು ನಂಬಿದ್ದರು. ಸೂಕ್ಷ್ಮದರ್ಶಕದಲ್ಲಿ ಮಿದುಳಿನ ತೆಳು ತುಂಡು ನೋಡಿದರೆ ಎಳೆಗಳ ಮೇಲೆ ಎಳೆ, ಒಂದರೊಳಗೊಂದು ಹೊಕ್ಕ ಗೋಜಲು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಇಡೀ ನರವ್ಯೂಹ ಎಲ್ಲಿಯೂ ಕಡಿಯದ ಒಂದೇ ಬಲೆ, ಅದರೊಳಗೆ ಸಂದೇಶವು ಕೊಳವೆಯ ನೀರಿನಂತೆ ಯಾವ ಕಡೆಗೂ ಹರಿಯುತ್ತದೆ ಎಂದು ಜರ್ಮನಿಯ ಗೆರ್ಲಾಕ್ ಪ್ರತಿಪಾದಿಸಿದ್ದರು. ಇದು ಬರೀ ಶಬ್ದಗಳ ಜಗಳವಲ್ಲ. ಎಲ್ಲವೂ ಒಂದೇ ಬಲೆಯಾದರೆ ನೋವು ಯಾವ ದಾರಿಯಲ್ಲಿ ಬಂತು, ಕೈ ಎತ್ತುವ ಆಜ್ಞೆ ಯಾವ ದಾರಿಯಲ್ಲಿ ಹೋಯಿತು ಎಂದು ಗುರುತಿಸುವುದೇ ಅಸಾಧ್ಯ.

1873ರಲ್ಲಿ ಇಟಲಿಯ ವೈದ್ಯ ಕಮಿಲ್ಲೊ ಗಾಲ್ಗಿ ಒಂದು ಅದ್ಭುತ ವಿಧಾನ ಕಂಡುಹಿಡಿದರು. ಜೀವಶಾಸ್ತ್ರದ ಪಾಠದಲ್ಲಿ ಬರುವ ಗಾಲ್ಗಿ ಸಂಕೀರ್ಣಕ್ಕೆ ಹೆಸರು ಕೊಟ್ಟವರು ಇವರೇ. ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ, ಬಳಿಕ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದರೆ ಕೆಲವೇ ಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಉಳಿದವು ಬಣ್ಣ ಹಿಡಿಯುವುದಿಲ್ಲ. ನೂರಾರು ಕೋಶಗಳಲ್ಲಿ ಈ ಕೆಲವೇ ಏಕೆ ಕಪ್ಪಾಗುತ್ತವೆ ಎಂಬುದಕ್ಕೆ ಇಂದಿಗೂ ತೃಪ್ತಿಕರ ಉತ್ತರವಿಲ್ಲ. ಆದರೆ ಅಪ್ರಯೋಜಕವೆಂದು ಕಾಣುವ ಈ ಗುಣವೇ ಅದರ ಬಲ. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಒಂದು ಕಪ್ಪು ಮುದ್ದೆ ಕಾಣುತ್ತಿತ್ತು, ಅಷ್ಟೆ.

ಈ ವಿಧಾನ ಹಲವು ಬಾರಿ ಕೈಕೊಡುತ್ತಿದ್ದುದರಿಂದ ಹದಿನಾಲ್ಕು ವರ್ಷ ಹೆಚ್ಚಿನವರು ಅದರತ್ತ ಗಮನವನ್ನೇ ಕೊಡಲಿಲ್ಲ. ಕಹಾಲ್ ಅದನ್ನು ಮೊದಲು ನೋಡಿದ್ದು 1887ರಲ್ಲಿ, ಮ್ಯಾಡ್ರಿಡ್‌ನ ವೈದ್ಯ ಲೂಯಿಸ್ ಸಿಮಾರೊ ಅವರ ಮನೆಯಲ್ಲಿ. ಅದೇ ವರ್ಷ ಬಾರ್ಸಿಲೋನಾದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರಿಗೆ ಚದುರಂಗದ ಚಟ ಹತ್ತಿತ್ತು. ಒಂದು ದಿನ ಆ ಚಟವನ್ನು ಪೂರ್ತಿಯಾಗಿ ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತರು.

ಕಹಾಲ್ ಮಾಡಿದ ಮೊದಲ ಬದಲಾವಣೆ ಬೆಳ್ಳಿಯ ದ್ರಾವಣದಲ್ಲಿ ಎರಡೆರಡು ಬಾರಿ ಅದ್ದುವುದು. ಅದಕ್ಕಿಂತ ದೊಡ್ಡದು ಎರಡನೆಯದು. ಬಲಿತ ಮಿದುಳನ್ನು ಬಿಟ್ಟು ಅವರು ಹಕ್ಕಿ ಮರಿಗಳ ಮತ್ತು ಭ್ರೂಣಗಳ ಮಿದುಳನ್ನು ಆರಿಸಿಕೊಂಡರು. ಬಲಿತ ನರಕೋಶದ ಎಳೆಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಕವಚ ಇರುವುದರಿಂದ ಬೆಳ್ಳಿ ಒಳಗಿಳಿಯುವುದಿಲ್ಲ. ಎಳೆಯ ಮಿದುಳಿನಲ್ಲಿ ಕವಚವೂ ಬೆಳೆದಿರುವುದಿಲ್ಲ, ಎಳೆಗಳೂ ಚಿಕ್ಕವು. ನೇಯ್ದು ಮುಗಿದ ಬಟ್ಟೆಯಲ್ಲಿ ಒಂದು ನೂಲಿನ ಜಾಡು ಹಿಡಿಯುವುದು ಕಷ್ಟ. ಮಗ್ಗದಲ್ಲಿ ಈಗಷ್ಟೇ ಹಾಸಿದ ನೂಲಿನ ಜಾಡು ಹಿಡಿಯುವುದು ಸುಲಭ.

1888ರಲ್ಲಿ ಹಕ್ಕಿಯ ಅನುಮಸ್ತಿಷ್ಕವನ್ನು, ಅಂದರೆ ಹಿಂಬದಿಯ ಕಿರುಮಿದುಳನ್ನು, ಪರೀಕ್ಷಿಸುವಾಗ ಅವರಿಗೆ ಎಳೆಗಳ ತುದಿ ಕಂಡಿತು. ಒಂದು ಕೋಶದ ಎಳೆ ಇನ್ನೊಂದು ದೊಡ್ಡ ಕೋಶದ ಸುತ್ತ ಗೂಡು ಕಟ್ಟಿದಂತೆ ಸುತ್ತಿಕೊಂಡು ಅಲ್ಲಿಗೇ ಮುಗಿದಿತ್ತು. ಎಲ್ಲಿಯೂ ಬೆಸುಗೆ ಇರಲಿಲ್ಲ. ಇನ್ನು ಕೆಲವು ಎಳೆಗಳು ದೊಡ್ಡ ಕೋಶದ ಕೊಂಬೆಗಳ ಮೇಲೆ ಹಬ್ಬಿದ್ದವು. ನಮ್ಮ ತೋಟಗಳ ಅಡಿಕೆ ಮರ ಮತ್ತು ಕಾಳುಮೆಣಸಿನ ಬಳ್ಳಿಯನ್ನು ನೆನೆಸಿಕೊಳ್ಳಿ. ಬಳ್ಳಿ ಮರವನ್ನು ಬುಡದಿಂದ ತಬ್ಬಿಕೊಂಡೇ ಏರುತ್ತದೆ. ಆದರೂ ಬಳ್ಳಿ ಬೇರೆ, ಮರ ಬೇರೆ. ಅದರ ರಸ ಇದಕ್ಕೆ ಹರಿಯುವುದಿಲ್ಲ. ಮಿದುಳು ಬಲೆಯಲ್ಲ, ಒಂದಕ್ಕೊಂದು ತಾಗಿಯೂ ತಾಗದಂತಿರುವ ಬಿಡಿ ಕೋಶಗಳ ಸಮೂಹ ಎಂದು ಕಹಾಲ್ ತೀರ್ಮಾನಿಸಿದರು. ಇಂಥ ಅನುಮಾನವನ್ನು ಹಿಸ್ ಮತ್ತು ಫೊರೆಲ್ ಎಂಬ ಇಬ್ಬರು ವಿಜ್ಞಾನಿಗಳು ಅದಾಗಲೇ ವ್ಯಕ್ತಪಡಿಸಿದ್ದರು. ಆದರೆ ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಕಹಾಲ್.

ಅರವತ್ತು ಪ್ರತಿಗಳ ಪತ್ರಿಕೆ

ಕಂಡದ್ದನ್ನು ಪ್ರಕಟಿಸಲು ಪತ್ರಿಕೆ ಬೇಕಲ್ಲ? 1888ರ ಮೇ ತಿಂಗಳಲ್ಲಿ ಕಹಾಲ್ ಸ್ವಂತ ಖರ್ಚಿನಲ್ಲಿ ಒಂದು ತ್ರೈಮಾಸಿಕ ಹೊರಡಿಸಿದರು. ಅಚ್ಚಾದದ್ದು ಅರವತ್ತೇ ಪ್ರತಿ. ನಮ್ಮ ಸಂಘದ ವಾರ್ಷಿಕ ಸಂಚಿಕೆಯೂ ಅದಕ್ಕಿಂತ ಹೆಚ್ಚು ಮನೆಗಳಿಗೆ ತಲುಪುತ್ತದೆ! ಲೇಖಕರು, ಚಿತ್ರಕಾರರು, ಸಂಪಾದಕರು ಎಲ್ಲ ಅವರೇ. ಬಹುಪಾಲು ಪ್ರತಿಗಳನ್ನು ವಿದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಭಾಷೆಯೇ ತಿಳಿಯದವರು ಏನೆಂದು ಉತ್ತರಿಸುತ್ತಾರೆ?

ಕಹಾಲ್ ಮುನಿಸಿಕೊಂಡು ಕೂರಲಿಲ್ಲ. ಕೂಡಿಟ್ಟ ಹಣ ತೆಗೆದು, ಗಾಜಿನ ಪಟ್ಟಿಗಳನ್ನು ಪೆಟ್ಟಿಗೆಗೆ ತುಂಬಿ 1889ರ ಅಕ್ಟೋಬರಿನಲ್ಲಿ ಬರ್ಲಿನ್‌ಗೆ ಹೊರಟರು. ಅಲ್ಲಿ ಅಂಗರಚನಾ ಶಾಸ್ತ್ರಜ್ಞರ ಸಮ್ಮೇಳನ ನಡೆಯುತ್ತಿತ್ತು. ಜರ್ಮನ್ ಮಾತನಾಡಲು ಬರದು, ಫ್ರೆಂಚ್ ಅರೆಬರೆ. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳನ್ನು ಜೋಡಿಸಿ, ಬಂದವರನ್ನು ನೋಡುವಂತೆ ಕರೆದರು. ಅಪನಂಬಿಕೆಯಿಂದಲೇ ಬಗ್ಗಿದವರಲ್ಲಿ ಎಪ್ಪತ್ತೆರಡು ವರ್ಷದ ಕೋಲಿಕರ್ ಇದ್ದರು. ಅಂಗಾಂಶ ವಿಜ್ಞಾನದಲ್ಲಿ ಜರ್ಮನಿಯಲ್ಲೇ ಅತಿ ದೊಡ್ಡ ಹೆಸರು ಅವರದು. ನೋಡಿ ಮುಗಿಸಿದ ಮೇಲೆ ಕಹಾಲರನ್ನು ತಮ್ಮ ಗಾಡಿಯಲ್ಲೇ ಕರೆದೊಯ್ದು ಇತರ ವಿದ್ವಾಂಸರಿಗೆ ಪರಿಚಯಿಸಿದರು. ಅದುವರೆಗೆ ಬಲೆಯ ಸಿದ್ಧಾಂತದತ್ತ ವಾಲಿದ್ದ ಅವರು ಅಭಿಪ್ರಾಯ ಬದಲಿಸಿಕೊಂಡರು. ಕಹಾಲರ ಬರಹಗಳನ್ನು ಓದಲೆಂದೇ ಆ ಇಳಿವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. ಈ ಕಥೆಯಲ್ಲಿ ನನಗೆ ಕಹಾಲರಷ್ಟೇ ದೊಡ್ಡವರಾಗಿ ಕಾಣುವುದು ಆ ವೃದ್ಧ ಗುರುಗಳು.

1891ರಲ್ಲಿ ಜರ್ಮನಿಯ ವಾಲ್ಡೆಯರ್ ಈ ಎಲ್ಲ ಶೋಧಗಳನ್ನು ಒಟ್ಟುಗೂಡಿಸಿ ಬರೆದು, ನರಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು. ಹೆಸರಿಟ್ಟವರು ಅವರು, ಕಾಣಿಸಿದವರು ಇವರು. ಕೋಶಗಳ ನಡುವಿನ ಸಂಧಿಗೆ 1897ರಲ್ಲಿ ಇಂಗ್ಲೆಂಡಿನ ಶೆರಿಂಗ್ಟನ್ ಸಿನಾಪ್ಸ್ ಎಂಬ ಹೆಸರನ್ನು ಬಳಕೆಗೆ ತಂದರು.

ಸಂದೇಶ ಸಾಗುವ ದಾರಿ

ಕೋಶಗಳು ಬಿಡಿಯಾಗಿದ್ದರೆ ಸಂದೇಶ ಯಾವ ದಿಕ್ಕಿಗೆ ಹೋಗುತ್ತದೆ? ಕಹಾಲ್ ಕಣ್ಣಿನ ರೆಟಿನಾ ಮತ್ತು ಮೂಗಿಗೆ ಸಂಬಂಧಿಸಿದ ನರಗಳನ್ನು ಗಮನಿಸಿದರು. ಬೆಳಕು ಅಥವಾ ವಾಸನೆಯ ಸುದ್ದಿ ಬರುವ ಕಡೆಗೆ ಕೋಶದ ಕವಲುಗಳಾದ ಡೆಂಡ್ರೈಟ್‌ಗಳು ಮುಖ ಮಾಡಿರುತ್ತವೆ. ಮಿದುಳಿನ ಕಡೆಗೆ ಉದ್ದನೆಯ ಆಕ್ಸಾನ್ ಹೊರಟಿರುತ್ತದೆ. ಹಾಗಾದರೆ ಸಂದೇಶವು ಡೆಂಡ್ರೈಟಿನಿಂದ ಒಳಬಂದು, ಕೋಶಕಾಯವನ್ನು ಹಾದು, ಆಕ್ಸಾನಿನ ಮೂಲಕ ಹೊರಹೋಗುತ್ತದೆ ಎಂದು ಅವರು 1891ರಲ್ಲಿ ನಿಯಮ ಹೇಳಿದರು. ತಮ್ಮ ಚಿತ್ರಗಳಲ್ಲಿ ದಿಕ್ಕು ತೋರಿಸಲು ಸಣ್ಣ ಬಾಣಗಳನ್ನು ಹಾಕಿದರು. ಸತ್ತ ಮಿದುಳಿನ ಚೂರುಗಳನ್ನಷ್ಟೇ ನೋಡಿ ಜೀವಂತ ಸಂದೇಶದ ದಿಕ್ಕನ್ನು ಊಹಿಸಿದ ಆ ಬಾಣಗಳು ಬಹುಮಟ್ಟಿಗೆ ಸರಿಯಾಗಿದ್ದವು.

ಆ ಸಂದೇಶವೆಂದರೆ ಏನು ಎಂಬುದು ಅವರ ಕಾಲಕ್ಕೆ ಪೂರ್ತಿ ತಿಳಿದಿರಲಿಲ್ಲ. ಈಗ ತಿಳಿದಿರುವುದು ಹೀಗೆ. ನರಕೋಶದ ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶದ ಪೊರೆಯಲ್ಲಿರುವ ಪಂಪುಗಳು ಮೂರು ಸೋಡಿಯಂ ಹೊರದಬ್ಬಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತಾ ಈ ವ್ಯತ್ಯಾಸವನ್ನು ಹಗಲಿರುಳು ಕಾಯುತ್ತವೆ. ಇದರ ಫಲವಾಗಿ ವಿಶ್ರಾಂತಿಯಲ್ಲಿರುವ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣಾತ್ಮಕ. ಸಾಕಷ್ಟು ಪ್ರಚೋದನೆ ಬಂದಾಗ ಪೊರೆಯ ಸೋಡಿಯಂ ಬಾಗಿಲುಗಳು ತೆರೆಯುತ್ತವೆ. ಸೋಡಿಯಂ ಒಳನುಗ್ಗಿ ಆ ಜಾಗ ಕ್ಷಣಕಾಲ ಧನಾತ್ಮಕವಾಗುತ್ತದೆ. ಕೂಡಲೇ ಪೊಟ್ಯಾಸಿಯಂ ಹೊರಹರಿದು ಮೊದಲಿನ ಸ್ಥಿತಿ ಬರುತ್ತದೆ. ಇದಿಷ್ಟಕ್ಕೆ ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಸಾಕು. ಒಂದು ಜಾಗದ ಬದಲಾವಣೆ ಪಕ್ಕದ ಜಾಗವನ್ನು ಎಬ್ಬಿಸುತ್ತದೆ, ಅದು ಮುಂದಿನದನ್ನು. ಈಗಷ್ಟೇ ತೆರೆದು ಮುಚ್ಚಿದ ಬಾಗಿಲು ತಕ್ಷಣ ಮತ್ತೆ ತೆರೆಯದ ಕಾರಣ ನರಾವೇಗ ಹಿಂದಕ್ಕೆ ತಿರುಗದೆ ಮುಂದಕ್ಕೇ ಸಾಗುತ್ತದೆ. 1952ರಲ್ಲಿ ಇದನ್ನು ಲೆಕ್ಕಾಚಾರದೊಂದಿಗೆ ವಿವರಿಸಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಅವರು ಬಳಸಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು. ನಮ್ಮ ಕರಾವಳಿಯವರಿಗೆ ಇದು ಬೊಂಡಾಸ್ ಎಂದೇ ಪರಿಚಿತ.

ಮುಳ್ಳು ಚುಚ್ಚಿದರೂ ಹೂವು ಸೋಕಿದರೂ ಒಂದೇ ತಂತುವಿನಲ್ಲಿ ಒಂದೊಂದು ನರಾವೇಗದ ಗಾತ್ರ ಒಂದೇ. ಪ್ರಚೋದನೆ ಬಲವಾಗಿದ್ದರೆ ಆವೇಗಗಳು ಹೆಚ್ಚು ಸಲ ಬರುತ್ತವೆ, ಅಷ್ಟೇ. ಮಯಲಿನ್ ಕವಚವಿರುವ ತಂತುವಿನಲ್ಲಿ ಆವೇಗವು ಕವಚದ ನಡುವಿನ ಬಿಡುವಿನಿಂದ ಬಿಡುವಿಗೆ ಜಿಗಿಯುತ್ತಾ ಸೆಕೆಂಡಿಗೆ ನೂರು ಮೀಟರಿನವರೆಗೂ ಓಡಬಲ್ಲದು. ಕವಚವಿಲ್ಲದ ತಂತುವಿನಲ್ಲಿ ಸುಮಾರು ಒಂದು ಮೀಟರ್. ಕಾಲ್ಬೆರಳು ಹೊಸ್ತಿಲಿಗೆ ಬಡಿದಾಗ ಬಡಿದದ್ದು ಮೊದಲು ತಿಳಿದು, ಸುಡುವ ನೋವು ಅರೆಗಳಿಗೆ ತಡವಾಗಿ ಬರುವುದು ಈ ಕಾರಣಕ್ಕೆ.

ಆಕ್ಸಾನಿನ ತುದಿಗೆ ಬಂದ ವಿದ್ಯುತ್ ಸಂದೇಶ ಅಲ್ಲಿ ರಾಸಾಯನಿಕವಾಗಿ ಮಾರ್ಪಡುತ್ತದೆ. ತುದಿಯಲ್ಲಿರುವ ಸಣ್ಣ ಚೀಲಗಳು ಒಡೆದು ರಾಸಾಯನಿಕ ಹೊರಬರುತ್ತದೆ, ಅದು ಸಂದಿಯನ್ನು ದಾಟಿ ಮುಂದಿನ ಕೋಶವನ್ನು ಎಬ್ಬಿಸುತ್ತದೆ ಅಥವಾ ಸುಮ್ಮನಾಗಿಸುತ್ತದೆ. ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿ, ಅದರ ಬಡಿತವೂ ನಿಧಾನವಾಗುವುದನ್ನು 1921ರಲ್ಲಿ ಆಟೊ ಲೋವಿ ತೋರಿಸಿದಾಗ ಕಹಾಲ್ ಇನ್ನೂ ಬದುಕಿದ್ದರು.

ಕಣ್ಣಿನ ನರಗಳ ವಿಷಯ ಬಂದಾಗ ನಮ್ಮ ಇಬ್ನುಲ್ ಹೈಸಮ್‌ರನ್ನು ನೆನೆಯದಿರಲಾಗದು. ದೃಷ್ಟಿಯ ಕುರಿತ ಅವರ ಕಿತಾಬುಲ್ ಮನಾಝಿರ್ ಗ್ರಂಥದ 1083ರ ಹಸ್ತಪ್ರತಿಯೊಂದು ಇಸ್ತಾಂಬುಲ್‌ನಲ್ಲಿದೆ. ಎರಡು ಕಣ್ಣುಗಳಿಂದ ಹೊರಟ ನರಗಳು ಒಂದೆಡೆ ಕೂಡಿ ಮಿದುಳಿಗೆ ಹೋಗುವ ಚಿತ್ರ ಅದರಲ್ಲಿದೆ. ಉಳಿದುಬಂದಿರುವ ನರವ್ಯೂಹದ ಚಿತ್ರಗಳಲ್ಲಿ ಅದು ಅತ್ಯಂತ ಹಳೆಯದೆನ್ನಲಾಗುತ್ತದೆ. ನರಗಳು ಹಾಗೆ ಏಕೆ ಅಡ್ಡಹಾಯುತ್ತವೆ ಎಂಬ ಪ್ರಶ್ನೆಯನ್ನು ಕಹಾಲ್ 1898ರಲ್ಲಿ ಎತ್ತಿಕೊಂಡರು. ಕಣ್ಣಿನ ಮಸೂರ ಬಿಂಬವನ್ನು ಎಡಬಲ ತಿರುಗಿಸುವುದರಿಂದ, ಎರಡೂ ಕಣ್ಣಿನ ಅರ್ಧರ್ಧ ಚಿತ್ರಗಳು ಮಿದುಳಿನಲ್ಲಿ ಸರಿಯಾಗಿ ಜೋಡಣೆಯಾಗಲು ನರಗಳು ಅಡ್ಡಹಾಯಬೇಕು ಎಂಬುದು ಅವರ ವಿವರಣೆ.

ಒಂದೇ ವೇದಿಕೆಯಲ್ಲಿ ಎದುರಾಳಿಗಳು

1906ರ ನೊಬೆಲ್ ಪ್ರಶಸ್ತಿ ಗಾಲ್ಗಿ ಮತ್ತು ಕಹಾಲ್ ಇಬ್ಬರಿಗೂ ಸೇರಿ ಬಂತು. ವಿಧಾನ ಕಂಡುಹಿಡಿದವರು ಒಬ್ಬರು, ಅದರಿಂದ ಸತ್ಯ ಕಂಡವರು ಇನ್ನೊಬ್ಬರು. ವಿಚಿತ್ರವೆಂದರೆ ಗಾಲ್ಗಿ ಕೊನೆಯವರೆಗೂ ಬಲೆಯ ಸಿದ್ಧಾಂತವನ್ನೇ ಹಿಡಿದಿದ್ದರು. ಸ್ಟಾಕ್‌ಹೋಮ್‌ನಲ್ಲಿ ಪ್ರಶಸ್ತಿ ಪಡೆದು ಮಾಡಿದ ಭಾಷಣದಲ್ಲೇ ನ್ಯೂರಾನ್ ಸಿದ್ಧಾಂತವನ್ನು ಖಂಡಿಸಿದರು. ಮರುದಿನ ಕಹಾಲ್ ತಮ್ಮ ಸರದಿಯಲ್ಲಿ ಸೌಜನ್ಯ ಬಿಡದೆ, ಒಂದೊಂದಾಗಿ ಸಾಕ್ಷ್ಯಗಳನ್ನು ಮುಂದಿಟ್ಟರು. ಗಾಲ್ಗಿಯನ್ನು ಮೊಂಡರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರ ವಿಧಾನವಿಲ್ಲದೆ ಕಹಾಲರ ಶೋಧವಿಲ್ಲ. ಅಲ್ಲದೆ 1950ರ ದಶಕದ ಕೊನೆಯಲ್ಲಿ, ರಾಸಾಯನಿಕದ ನೆರವಿಲ್ಲದೆ ನೇರವಾಗಿ ವಿದ್ಯುತ್ ದಾಟುವ ಕೆಲವು ನರಸಂಧಿಗಳೂ ಇವೆ ಎಂದು ಗೊತ್ತಾಯಿತು.

ಕಹಾಲ್ ಕೂಡ ಎಲ್ಲದರಲ್ಲೂ ಸರಿಯಿರಲಿಲ್ಲ. ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದೇ ಇಲ್ಲವೆಂದು ಅವರು ನಂಬಿದ್ದರು. ಇಲಿಗಳಂಥ ಪ್ರಾಣಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಹುಟ್ಟುತ್ತವೆಂದು ಆಮೇಲೆ ತಿಳಿಯಿತು. ಮನುಷ್ಯರ ಮಟ್ಟಿಗೆ ಚರ್ಚೆ ಮುಗಿದಿಲ್ಲ. ಆದರೆ ಕಲಿಕೆಯಿಂದ ಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುತ್ತವೆ ಎಂದು 1894ರಲ್ಲೇ ಅವರು ಸೂಚಿಸಿದ್ದು ಇಂದಿನ ತಿಳುವಳಿಕೆಗೆ ಬಹಳ ಹತ್ತಿರ. ಹಿಫ್ಝ್ ಮಾಡುವ ಮಗು ಒಂದೇ ಆಯತ್ತನ್ನು ಹತ್ತಾರು ಸಲ ಓದುವಾಗ ಅದರ ಮಿದುಳಿನಲ್ಲಿ ನಡೆಯುವುದು ಇದೇ ಕೆಲಸ.

ಪ್ರಶಸ್ತಿ ಬಂದ ವರ್ಷವೇ ಶಿಕ್ಷಣ ಮಂತ್ರಿ ಪದವಿ ಮನೆ ಬಾಗಿಲಿಗೆ ಬಂತು. ಅವರು ಒಪ್ಪಿಕೊಳ್ಳಲಿಲ್ಲ. ಅದಕ್ಕೂ ಮೊದಲು ಸರಕಾರ ಅವರಿಗಾಗಿ ಮ್ಯಾಡ್ರಿಡ್‌ನಲ್ಲಿ ಪ್ರಯೋಗಾಲಯ ತೆರೆದಾಗ, ಗೊತ್ತುಮಾಡಿದ ಸಂಬಳ ಹೆಚ್ಚಾಯಿತೆಂದು ಕಡಿಮೆ ಮಾಡಿಸಿಕೊಂಡಿದ್ದರು. ಅವರು ಮನಸ್ಸಿಟ್ಟು ಒಪ್ಪಿಕೊಂಡದ್ದು ಬೇರೊಂದು ಹೊಣೆ: ಸ್ಪೇನಿನ ಯುವಕರಿಗೆ ವಿದ್ಯಾರ್ಥಿವೇತನ ಕೊಟ್ಟು ವಿದೇಶಕ್ಕೆ ಕಳಿಸಲು 1907ರಲ್ಲಿ ಸ್ಥಾಪನೆಯಾದ ಮಂಡಳಿಯ ಅಧ್ಯಕ್ಷತೆ. ತಾನು ಕೂಡಿಟ್ಟ ಹಣದಲ್ಲಿ ಬರ್ಲಿನ್‌ಗೆ ಹೋಗಬೇಕಾಯಿತಲ್ಲ, ಮುಂದಿನವರಿಗೆ ಆ ಪಾಡು ಬೇಡ ಎಂದಿರಬೇಕು.

ಎಂಬತ್ತು ದಾಟಿದ ಮೇಲೂ ಅವರು ಬರೆಯುತ್ತಲೇ ಇದ್ದರು. ಬಲೆಯ ವಾದ ಮತ್ತೆ ತಲೆಯೆತ್ತುತ್ತಿದ್ದುದರಿಂದ, ನ್ಯೂರಾನ್ ಸಿದ್ಧಾಂತದ ಸಾಕ್ಷ್ಯಗಳನ್ನೆಲ್ಲ ಮತ್ತೊಮ್ಮೆ ಒಟ್ಟುಗೂಡಿಸಿ 1933ರಲ್ಲಿ ಪ್ರಕಟಿಸಿದರು. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು. ಎರಡು ಕೋಶಗಳ ನಡುವೆ ಸಂದಿಯಿದೆ ಎಂದು ನಲವತ್ತಾರು ವರ್ಷ ವಾದಿಸಿದ ಅವರು ಆ ಸಂದಿಯನ್ನು ಒಮ್ಮೆಯೂ ಕಂಡವರಲ್ಲ. ಅದರ ಅಗಲ ಸುಮಾರು 20 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದ ಒಂದು ಭಾಗ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಎಂದೂ ಕಾಣಿಸದು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ತೆಗೆದ ಛಾಯಾಚಿತ್ರಗಳಲ್ಲಿ ಆಕ್ಸಾನಿನ ತುದಿ, ಎದುರಿನ ಕೋಶದ ಪೊರೆ ಮತ್ತು ನಡುವೆ ಆ ಕಿರಿದಾದ ಸಂದಿ ಸ್ಪಷ್ಟವಾಗಿ ಮೂಡಿಬಂದವು.